ರಿಮೋಟಿನ ಸೆಲ್ಲು, ಅತ್ತೆಯ ಸೊಲ್ಲು

ಹೋದ ವಾರ ಹಳೆಯ ಕಾರು ಕೊಟ್ಟು ಹೊಸದನ್ನು ತಂದೆ. ಕೊಡುವ ಮುಂಚೆ ಡ್ಯಾಶ್‌ಬೋರ್ಡಿನ ಖಾನೆ ಖಾಲಿ ಮಾಡಲು ಕೂತೆ. ನೀವೂ ಕಾರಿಟ್ಟುಕೊಂಡವರಾದರೆ ನಿಮಗೆ ಗೊತ್ತಿರುತ್ತದೆ, ಅದು ಖಾನೆಯಲ್ಲ, ಗಾಡಿಯ ಹೊಟ್ಟೆ. ಕಂಡದ್ದನ್ನೆಲ್ಲ ನುಂಗಿ, ಜೀರ್ಣವಾಗದೆ ಹಾಗೇ ಇಟ್ಟುಕೊಂಡಿರುತ್ತದೆ. ಕುಂಕುಮದ ಪೊಟ್ಟಣ, ಒಂದೇ ಕಾಲಿನ ಕೂಲಿಂಗ್ ಗ್ಲಾಸು, ಯಾರದೋ ಮಗುವಿನ ಸಾಕ್ಸು, ಇವೆಲ್ಲದರ ತಳದಲ್ಲಿ ಒಂದು ರಿಮೋಟು. ಗೇಣುದ್ದ, ಕಪ್ಪು ಬಣ್ಣ, ಬೆನ್ನಿನ ಮುಚ್ಚಳವಿಲ್ಲ. ಸೆಲ್ಲು ಇರಬೇಕಾದ ಜಾಗದಲ್ಲಿ ತುಕ್ಕು ಹಿಡಿದ ಸ್ಪ್ರಿಂಗು. ಅದು ಯಾವ ರೇಡಿಯೋದ ರಿಮೋಟೋ ಆ ರೇಡಿಯೋ ಕೆಟ್ಟು ಕಾರಿನಿಂದ ಇಳಿದುಹೋಗಿ ವರ್ಷಗಳೇ ಆದವು. ಹೆಂಡತಿ ಸಾವಿತ್ರಿ ಅದನ್ನು ನೋಡಿ, "ಇದಿನ್ನೂ ಐತಾ!" ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅವಳು ನಕ್ಕದ್ದು ನನ್ನನ್ನು ನೋಡಿ. ಏಕೆಂದು ಹೇಳುತ್ತೇನೆ, ಸ್ವಲ್ಪ ಕೂತುಕೊಳ್ಳಿ.

ಮೊದಲು ಹೊಸ ಕಾರಿನ ವಿಷಯ ಮುಗಿಸಿಬಿಡುತ್ತೇನೆ. ಅದು ಬ್ಯಾಟರಿ ಕಾರು. ಮುಂದೆ ಸ್ಟಿಯರಿಂಗಿನ ಪಕ್ಕ ದೋಸೆ ಕಾವಲಿಯಷ್ಟು ಅಗಲದ ಗಾಜು. ಮುಟ್ಟಿದರೆ ನಕಾಶೆ, ಸವರಿದರೆ ಹಾಡು, ಗದರಿದರೆ ತಣ್ಣನೆಯ ಗಾಳಿ. ಷೋರೂಮಿನವರು ಒಂದೊಂದಾಗಿ ತೋರಿಸಿದರು. ನಾನು ಎಲ್ಲಕ್ಕೂ ತಲೆಯಾಡಿಸಿ, ಕೊನೆಗೆ, "ಎ.ಎಂ. ಎಲ್ಲಿದೆ?" ಎಂದೆ.

"ಎಫ್.ಎಂ. ಇದೆಯಲ್ಲ ಸಾರ್."

"ಅದು ಕಾಣ್ತಿದೆ. ಎ.ಎಂ. ಬ್ಯಾಂಡು?"

"ಬ್ಯಾಟರಿ ಗಾಡೀಲಿ ಕೊಡಲ್ಲ ಸಾರ್. ಮೋಟರಿನ ಡಿಸ್ಟರ್ಬೆನ್ಸು ಎ.ಎಂ.ಗೆ ತಡೆಯಲ್ಲ. ಈಗ ಅದನ್ನ ಯಾರ್ ಸಾರ್ ಕೇಳ್ತಾರೆ?"

ಯಾರು ಕೇಳುತ್ತಾರೆಂದು ನನಗೆ ಗೊತ್ತಿತ್ತು. ಅವರ ಹೆಸರು ಚಿಕ್ಕತಾಯಮ್ಮ. ನನ್ನ ಹೆಂಡತಿಯ ತಾಯಿ. ಅಷ್ಟು ದೊಡ್ಡ ಷೋರೂಮಿನಲ್ಲಿ ಅತ್ತೆಯ ಹೆಸರು ತೆಗೆಯುವುದು ಗಂಡಸಿಗೆ ಶೋಭೆಯಲ್ಲವೆಂದು ಕಾಗದಕ್ಕೆ ಸಹಿ ಹಾಕಿದೆ.

ನಾನು ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನು. ಬಸ್ಸು ತೊಳೆದು, ಲಾರಿಗೆ ಕ್ಲೀನರಾಗಿ, ಯಾರದೋ ಕಾರು ಓಡಿಸಿ, ಆಮೇಲೆ ಸ್ವಂತ ಟ್ಯಾಕ್ಸಿ ಮಾಡಿದೆ. ಸರಸ್ವತಿಪುರದ ನಮ್ಮ ಸ್ಟ್ಯಾಂಡಿನಲ್ಲಿ ನನ್ನ ಗಾಡಿಯಷ್ಟು ಹೊಳೆಯುವ ಗಾಡಿ ಇರಲಿಲ್ಲ. ಇದನ್ನು ನಾನು ಹೇಳಬಾರದು, ಆದರೆ ಬೇರೆ ಯಾರೂ ಹೇಳುತ್ತಿರಲಿಲ್ಲವಾದ್ದರಿಂದ ನಾನೇ ಹೇಳಬೇಕಾಗುತ್ತಿತ್ತು. ಬಾನೆಟ್ಟಿನ ಮೇಲೆ ಯಾರೂ ಕೈಯೂರುವಂತಿಲ್ಲ, ಟೀ ಲೋಟ ಇಡುವಂತಿಲ್ಲ. ಒಮ್ಮೆ ಮದುವೆಯ ಬಾಡಿಗೆಯಲ್ಲಿ ಮದುಮಗ ಅದಕ್ಕೆ ಒರಗಿ ಫೋಟೋ ತೆಗೆಸಿಕೊಳ್ಳಲು ಬಂದಾಗ ನಡುವೆ ಟವೆಲ್ ಹಾಸಿದ್ದೆ. ಆ ಫೋಟೋದಲ್ಲಿ ನನ್ನ ಟವೆಲ್ಲೂ ಇದೆಯಂತೆ.

ಇಂಥ ನನ್ನನ್ನು ಹೆಣ್ಣು ನೋಡಲು ಹೋದ ದಿನವೇ ಚಿಕ್ಕತಾಯಮ್ಮನವರು ಅಳೆದಿಟ್ಟಿದ್ದರು. ಲಕ್ಷ್ಮೀಪುರಂನ ಹಿಂದಿನ ಒಂದು ವಠಾರ ಅವರ ಮನೆ. ಕಾಫಿ ಕೊಟ್ಟು, "ಓದು ಎಲ್ಲಿವರ್ಗೆ?" ಎಂದು ಕೇಳಿದರು.

"ಎಂಟನೇ ಕ್ಲಾಸು. ಆಮೇಲೆ ದುಡಿಮೆ," ಎಂದೆ ಎದೆ ಉಬ್ಬಿಸಿ.

"ಸರಿ ಬುಡಿ. ದುಡಿಮೆಯಾದ್ರೂ ಪಾಸಾಗಿದೀರಾ?"

ಹೆಣ್ಣು ಕೊಟ್ಟರು, ಆದರೆ ರಿಸಲ್ಟು ಹೇಳಲಿಲ್ಲ. ವರ್ಷಗಳುದ್ದಕ್ಕೂ ನಾನು ಅವರ ಮುಂದೆ ಪರೀಕ್ಷೆ ಬರೆಯುತ್ತಲೇ ಇದ್ದೆ. ಭಾನುವಾರ ಅವರ ಬಾಗಿಲಲ್ಲಿ ಕಾರು ತೊಳೆಯುತ್ತಿದ್ದರೆ, "ಏನ್ ಅಳಿಮಯ್ಯ, ಕಾರ್ ತೊಳೀತಿದೀರೋ, ಎಮ್ಮೆ ತೊಳೀತಿದೀರೋ? ಅಷ್ಟೊಂದು ಉಜ್ಜಿದ್ರೆ ಬಣ್ಣ ಉಳಿದಾತಾ?" ಎನ್ನುವರು. ನಾನು ಇನ್ನೂ ಜೋರಾಗಿ ಉಜ್ಜುವೆ.

ಅವರ ಮನೆಯಲ್ಲಿ ಒಂದು ಟ್ರಾನ್ಸಿಸ್ಟರ್ ಇತ್ತು. ಅಂಗೈಗಿಂತ ಸ್ವಲ್ಪ ದೊಡ್ಡದು, ಅಂಚಿಗೆ ಕಸೂತಿ ಹಾಕಿದ ಬಟ್ಟೆಯ ಅಂಗಿ ತೊಟ್ಟಿತ್ತು. ಬರೀ ಎ.ಎಂ. ಬರುವ ಸೆಟ್ಟು. ಅದನ್ನು ಹಾಕಿದಾಗಲೆಲ್ಲ ಅವರು ಒಂದು ಕೆಲಸ ಮಾಡುತ್ತಿದ್ದರು. ಕೂತ ಮಗುವನ್ನು ಬೆಳಕಿಗೆ ತಿರುಗಿಸಿ ಕೂರಿಸುವ ಹಾಗೆ ಅದನ್ನು ಒಂದಿಷ್ಟು ಎಡಕ್ಕೆ, ಒಂದಿಷ್ಟು ಬಲಕ್ಕೆ ತಿರುಗಿಸಿ, ಒಂದು ಕಡೆ ನಿಲ್ಲಿಸುವರು. ಗರಗರ ಅಡಗಿ ದನಿ ಬಿಚ್ಚಿಕೊಳ್ಳುತ್ತಿತ್ತು. ಇದು ಮುದುಕಿಯರ ಶಾಸ್ತ್ರವೆಂದು ನಾನು ಅಂದುಕೊಂಡಿದ್ದೆ.

ಈಗ ರಿಮೋಟಿನ ಕಥೆಗೆ ಬರಬೇಕು. ಗೋಕುಲಂನಲ್ಲಿ ಯೋಗ ಕಲಿಯಲು ಬಂದ ಒಬ್ಬ ಅಮೆರಿಕದವರನ್ನು ನಾನು ಕರೆದುಕೊಂಡು ಓಡಾಡುತ್ತಿದ್ದೆ. ಉದ್ದ ಕೂದಲು, ಬಿಳಿ ಪಂಚೆ, ಎಲ್ಲರಿಗೂ ಕೈಮುಗಿಯುವ ಸ್ವಭಾವ. ಸ್ಟ್ಯಾಂಡಿನಲ್ಲಿ ಅವರನ್ನು ಸ್ವಾಮಿ ಎನ್ನುತ್ತಿದ್ದೆವು. ಇಲ್ಲಿ ಹಳೆಯ ಜೀಪು ಕೊಂಡು ದೇಶ ಸುತ್ತಬೇಕೆಂದು ಊರಿನಿಂದಲೇ ಕಾರಿನ ಮ್ಯೂಸಿಕ್ ಸಿಸ್ಟಮ್ ಹೊತ್ತು ತಂದಿದ್ದರು. ಯೋಗ ಹೆಚ್ಚಾದಂತೆ ವೈರಾಗ್ಯವೂ ಬಂತು. ಒಂದೊಂದೇ ವಸ್ತು ಬಿಡತೊಡಗಿದರು. ಮೊದಲು ಬಿಟ್ಟದ್ದು ಆ ಸಿಸ್ಟಮ್ಮನ್ನು, ನನಗೆ. ಅವರ ವೈರಾಗ್ಯ ಇನ್ನೊಂದಿಷ್ಟು ದಿನ ನಿಂತಿದ್ದರೆ ನನಗೆ ಕ್ಯಾಮೆರಾವೂ ಸಿಗುತ್ತಿತ್ತೇನೋ.

ಅದನ್ನು ನಾನೇ ಕೂತು ಜೋಡಿಸಿದೆ. ನೀಲಿ ದೀಪ, ಬೆಳ್ಳಿ ಗುಂಡಿಗಳು, ಜೊತೆಗೆ ಪೆನ್ಸಿಲ್ ಸೆಲ್ಲು ಹಾಕುವ ಗೇಣುದ್ದದ ರಿಮೋಟು. ಕೈ ಚಾಚಿದರೆ ಸಿಗುವ ರೇಡಿಯೋಗೆ ರಿಮೋಟು ಏಕೆ ಎಂದು ನೀವು ಕೇಳಬಹುದು. ಸ್ಟ್ಯಾಂಡಿನಲ್ಲೂ ಕೇಳಿದರು. ನಾನು ಕಾರಿನಿಂದಿಳಿದು, ಕಲ್ಲುಬೆಂಚಿನ ಮೇಲೆ ಕೂತು, ಟೀ ಕುಡಿಯುತ್ತ ಸ್ಟೇಷನ್ ಬದಲಿಸಿ ತೋರಿಸಿದೆ. ಆಮೇಲೆ ಯಾರೂ ಕೇಳಲಿಲ್ಲ.

ಊರಿನ ಖಾಸಗಿ ಎಫ್.ಎಂ. ಸ್ಟೇಷನ್ನುಗಳು ಪಕ್ಕದಲ್ಲಿ ಕೂತು ಮಾತಾಡಿದಷ್ಟು ಚೆನ್ನಾಗಿ ಬರುತ್ತಿದ್ದವು. ಎ.ಎಂ. ಗುಂಡಿಯನ್ನೂ ಒಮ್ಮೆ ಒತ್ತಿ ನೋಡಿದೆ. ಒಗ್ಗರಣೆಗೆ ಸಾಸಿವೆ ಸಿಡಿದಂತೆ ಸದ್ದು, ಅದರ ಹಿಂದೆ ಯಾರೋ ಹಳ್ಳದಲ್ಲಿ ಕೂತು ವಾರ್ತೆ ಓದಿದ ಹಾಗೆ. ಎ.ಎಂ. ಎಂದರೆ ಇಷ್ಟೇ, ಅದರ ಜಾಯಮಾನವೇ ಇದು ಎಂದುಕೊಂಡು ಮುಚ್ಚಿದೆ. ನನಗೆ ಗೊತ್ತಿಲ್ಲ ಎಂಬ ಮಾತು ಆ ಕಾಲದಲ್ಲಿ ನನ್ನ ಬಾಯಿಗೆ ಬರುತ್ತಿರಲಿಲ್ಲ. ಈಗಲೂ ಅಷ್ಟು ಸಲೀಸಾಗಿ ಬರುವುದಿಲ್ಲ.

ಅದೇ ದಿನಗಳಲ್ಲಿ ವಠಾರಕ್ಕೆ ಒಂದು ದೊಡ್ಡ ಸುದ್ದಿ ಬಂತು. ಚಿಕ್ಕತಾಯಮ್ಮ, ಪಕ್ಕದ ಮನೆಯ ಕೆಂಪಮ್ಮ ಮತ್ತು ಇನ್ನಿಬ್ಬರು ಸೇರಿ ಮದುವೆ, ಸೀಮಂತಗಳಲ್ಲಿ ಸೋಬಾನೆ ಹಾಡುತ್ತಿದ್ದರು. ರೇಡಿಯೋದವರು ಅವರ ಹಾಡನ್ನು ಧ್ವನಿಮುದ್ರಿಸಿಕೊಂಡು ಹೋಗಿದ್ದರು. ಬೆಂಗಳೂರಿನ ಎ.ಎಂ. ಕೇಂದ್ರದ ಮಧ್ಯಾಹ್ನದ ಮಹಿಳಾ ಕಾರ್ಯಕ್ರಮದಲ್ಲಿ ಅದು ಬರುವ ದಿನ ಗೊತ್ತಾಯಿತು. ಒಂದೇ ಸಲ ಬರುವುದು, ಮತ್ತೆ ಇಲ್ಲ.

ಆ ಹಾಡಿನ ಕೊನೆಯ ಸೊಲ್ಲನ್ನು ಒಬ್ಬರೇ ಹೇಳಬೇಕು. ಯಾರು ಹೇಳಬೇಕೆಂದು ಚಿಕ್ಕತಾಯಮ್ಮನಿಗೂ ಕೆಂಪಮ್ಮನಿಗೂ ಮಾತು ಬಿಟ್ಟುಹೋಗುವಷ್ಟು ಜಟಾಪಟಿ ನಡೆದು, ಅತ್ತೆಯವರೇ ಗೆದ್ದಿದ್ದರು. ಆದರೆ ತಮ್ಮ ದನಿ ಹೊರಗೆ ಹೇಗೆ ಕೇಳುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ಧ್ವನಿಮುದ್ರಿಸಿದವರು ಅಲ್ಲೇ ಕೇಳಿಸುತ್ತೇವೆಂದರೂ, "ಈಗ ಬೇಡಿ. ಊರೋರ ಜೊತೆಗೆ ರೇಡಿಯೋದಲ್ಲೇ ಕೇಳ್ತೀನಿ," ಎಂದು ಎದ್ದು ಬಂದಿದ್ದರು. ಆಗೆಲ್ಲ ಈಗಿನ ಹಾಗೆ ಕೈಕೈಯಲ್ಲೂ ಧ್ವನಿ ಹಿಡಿಯುವ ಫೋನು ಇರಲಿಲ್ಲ. ಜನ್ಮವೆಲ್ಲ ಹಾಡಿದ ಹೆಂಗಸು ತನ್ನ ದನಿಯನ್ನು ತಾನು ಕೇಳಲು ಅದೊಂದೇ ಮಧ್ಯಾಹ್ನ.

ಆ ದಿನವೇ ಗುಂಡ್ಲುಪೇಟೆ ಕಡೆ ನೆಂಟರ ಮನೆಯಲ್ಲಿ ಸೀಮಂತ. ಹಾಡಲು ಮೊದಲೇ ಒಪ್ಪಿದ್ದರು. ಅತ್ತೆಯವರು ನುಂಗಲೂ ಆಗದೆ ಉಗುಳಲೂ ಆಗದೆ ಕೂತಿದ್ದಾಗ ನಾನು ಹೇಳಿದೆ: "ಯೋಚ್ನೆ ಯಾಕೆ ಅತ್ತೆ? ಆರತಿ ಆದ ತಕ್ಷಣ ಹೊರಡೋಣ. ವಾಪಸ್ ಬರ್ತಾ ನನ್ನ ಕಾರಲ್ಲೇ ಕೇಳಿಸ್ತೀನಿ. ಅಮೆರಿಕದ ಸೆಟ್ಟು!"

"ನನ್ನ ರೇಡಿಯೋ ತಕ್ಕೊಂಡೇ ಬತ್ತೀನಿ ಬುಡಿ."

"ಆ ಡಬ್ಬ ನನ್ನ ಕಾರಲ್ಲಿ ಯಾಕೆ? ನನ್ನ ಮರ್ಯಾದೆ ಏನಾಗ್ಬೇಕು?"

ಅವರು ನನ್ನನ್ನು ನೋಡಿದರು. ಎಲೆಅಡಿಕೆ ಚೀಲ ಎತ್ತಿಕೊಂಡು ಒಳಗೆ ಹೋದರು. ಈ ಸಲ ಪಾಸು ಎಂದುಕೊಂಡೆ.

ಸೀಮಂತ ಮುಗಿಸಿ ನಂಜನಗೂಡಿನ ದಾರಿ ಹಿಡಿದೆವು. ಮುಂದಿನ ಸೀಟಿನಲ್ಲಿ ಅತ್ತೆ, ಮಡಿಲಲ್ಲಿ ಎಲೆಅಡಿಕೆ ಚೀಲ. ಹಿಂದೆ ಸಾವಿತ್ರಿ, ಕೆಂಪಮ್ಮ ಮತ್ತು ಆ ಇಬ್ಬರು ಹೆಂಗಸರು, ಒಬ್ಬರ ಮೇಲೊಬ್ಬರು. ಹೊತ್ತಿಗೆ ಸರಿಯಾಗಿ ಎ.ಎಂ. ಹಾಕಿದೆ. ಬೆಂಗಳೂರು ಸಿಕ್ಕಿತು. ಆದರೆ ಮಾತಾಡುವಾಕೆ ಬಾಯಿತುಂಬ ಹುರಿಗಡಲೆ ಹಿಟ್ಟು ಮುಕ್ಕಿಕೊಂಡಂತಿತ್ತು. ಹುಣಸೆ ತೊಕ್ಕು ಮಾಡುವ ವಿಧಾನವಂತೆ. ಹುಣಸೆಯೋ ಹುರುಳಿಯೋ ತಿಳಿಯುತ್ತಿರಲಿಲ್ಲ.

"ಎಂಗಿದು?" ಎಂದರು ಅತ್ತೆ.

"ಶುರುವಲ್ಲಿ ಹಾಗೇ. ಸರಿಹೋಗುತ್ತೆ."

ರಿಮೋಟು ತೆಗೆದು ಮೇಲಿನ ಗುಂಡಿ ಒತ್ತಿದೆ. ಸ್ಟೇಷನ್ ದಾಟಿ ಆಚೆ ಹೋಯಿತು. ಕೆಳಗಿನದು ಒತ್ತಿದೆ. ಮತ್ತೆ ಅದೇ ಹುರಿಗಡಲೆ. ಇನ್ನೊಮ್ಮೆ ಒತ್ತಿದೆ, ಈಚೆ ದಾಟಿತು. ಎಲ್ಲೋ ನಡುವೆ ನಿಲ್ಲಬೇಕು, ನಿಲ್ಲುವುದೇ ಇಲ್ಲ. ಹಿಂದಿನಿಂದ ಕೆಂಪಮ್ಮ, "ಸಾಬೂನು ಹಾಕಿ ಉಜ್ಜಿ ನೋಡಿ ಅಳಿಮಯ್ಯ, ಅದೂ ಹೊಳೀಬೌದು," ಎಂದರು. ಎಲ್ಲರೂ ನಕ್ಕರು. ಅತ್ತೆ ಮಾತ್ರ ನಗಲಿಲ್ಲ.

ತೊಕ್ಕು ಮುಗಿಯಿತು. ನಮ್ಮವರ ಹೆಸರು ಹೇಳಿದರೆಂದು ಕಾಣುತ್ತದೆ. ಹಾಡು ಶುರುವಾಯಿತು. ನಾಲ್ಕು ಹೆಂಗಸರು ಕಂಬಳಿಯೊಳಗೆ ಕೂತು ಅಳುತ್ತಿದ್ದಾರೆ ಎಂದರೆ ನಂಬಬಹುದಿತ್ತು.

"ಯಾರಿದು?" ಎಂದರು ಅತ್ತೆ.

"ನೀನೇ ಕಣಮ್ಮ!" ಎಂದಳು ಸಾವಿತ್ರಿ.

"ನಾನಾ?" ಅವರು ಡ್ಯಾಶ್‌ಬೋರ್ಡಿನ ಹತ್ತಿರ ಕಿವಿ ತಂದರು. ಒಂದು ಸೊಲ್ಲು ಕೇಳಿದರು. ಹಿಂದಕ್ಕೆ ಒರಗಿದರು. "ಇದು ನಾನಲ್ಲ."

ಆಮೇಲೆ ಕಿಟಕಿಯ ಹೊರಗೆ ನೋಡುತ್ತ, ಸಣ್ಣ ದನಿಯಲ್ಲಿ, "ಊರೋರೆಲ್ಲಾ ಇದ್ನೇ ಕೇಳ್ತಾ ಕೂತವ್ರಾ ಈಗ?" ಎಂದರು.

ಅವರು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕಾರು ಪಕ್ಕಕ್ಕೆ ತೆಗೆದೆ. ಏನು ಮಾಡಬೇಕೆಂದು ಗೊತ್ತಿರಲಿಲ್ಲ, ಆದರೆ ಅದನ್ನು ಓಡುತ್ತಾ ಮಾಡಲಾಗುವುದಿಲ್ಲ ಎಂದಷ್ಟೇ ಗೊತ್ತಿತ್ತು.

ಅತ್ತೆ ಎಲೆಅಡಿಕೆ ಚೀಲಕ್ಕೆ ಕೈ ಹಾಕಿದರು. ಎಲೆಯ ಕೆಳಗಿನಿಂದ ಕಸೂತಿ ಅಂಗಿ ತೊಟ್ಟ ಆ ಟ್ರಾನ್ಸಿಸ್ಟರ್ ಎದ್ದುಬಂತು.

"ಅತ್ತೆ! ತಂದ್ಬುಟ್ರಾ?"

"ನಿಮ್ಮ ಡಬ್ಬ ನಂಬ್ಕೊಂಡು ಬರಕ್ಕಾಯ್ತದಾ?" ಎಂದು ಅದರ ಕಿವಿಯಂಥ ಗುಂಡಿ ತಿರುಪಿದರು. ಸೊಳ್ಳೆ ಗುಂಯ್ಗುಟ್ಟಿದಷ್ಟು ಸದ್ದು ಬಂದು ನಿಂತಿತು. ಸೀಮಂತದ ಮನೆಯಲ್ಲಿ, ನಡೆಯುತ್ತದೋ ಇಲ್ಲವೋ ನೋಡಲೆಂದು ಬೆಳಗಿನಿಂದ ಹಾಕಿಟ್ಟು ಸೆಲ್ಲನ್ನೆಲ್ಲ ಕುಡಿಸಿಬಿಟ್ಟಿದ್ದರು.

ನನ್ನ ಕೈಯಲ್ಲಿ ರಿಮೋಟು ಇತ್ತು. ನಾನು ಅದನ್ನು ನೋಡಿದೆ. ಸಾವಿತ್ರಿ ಅದನ್ನು ನೋಡಿದಳು. ಅತ್ತೆಯೂ ನೋಡಿದರು.

"ಏನ್ ನೋಡ್ತಿದೀರಿ? ಕೀಳಿ!" ಎಂದರು.

ಹೆಬ್ಬೆರಳಿನಿಂದ ಒತ್ತಿ ಎಳೆದ ರಭಸಕ್ಕೆ ಮುಚ್ಚಳ ಹಾರಿ ರಸ್ತೆ ಬದಿಯ ಲಂಟಾನ ಪೊದೆಯೊಳಗೆ ಹೋಯಿತು. ಹುಡುಕುವ ಹೊತ್ತಲ್ಲ. ಸೆಲ್ಲು ತೆಗೆದು ಟ್ರಾನ್ಸಿಸ್ಟರಿಗೆ ಹಾಕಿದೆ, ಮಾತಿಲ್ಲ. "ಉಲ್ಟಾ ಹಾಕಿದೀರಿ ಕಣ್ರೀ!" ಎಂದು ಸಾವಿತ್ರಿ ಕಿತ್ತುಕೊಂಡು ತಿರುಗಿಸಿದಳು. ಗರ್ರ್ ಎಂದಿತು.

"ಒಳಗೆ ಬರಲ್ಲ, ಕೆಳಗಿಳೀರಿ. ಆ ಗಾಡಿ ಬಾಯಿ ಮೊದ್ಲು ಮುಚ್ಸಿ," ಎಂದರು ಅತ್ತೆ. ಎಂಜಿನ್ ಆರಿಸಿದೆ. ಸದ್ದು ಅರ್ಧಕ್ಕರ್ಧ ಇಳಿಯಿತು. ಎಲ್ಲರೂ ಇಳಿದರು. ಅತ್ತೆ ಸುತ್ತ ನೋಡಿದರು, ಇಡಲು ಜಾಗ ಬೇಕಿತ್ತು. ಇಟ್ಟರು. ನನ್ನ ಬಾನೆಟ್ಟಿನ ಮೇಲೆ.

"ಅತ್ತೆ, ಟವೆಲ್..." ಎಂದೆ.

"ಶ್!" ಎಂದರು ಎಲ್ಲ ಹೆಂಗಸರೂ ಒಟ್ಟಿಗೆ, ಸೋಬಾನೆಗಿಂತ ಒಳ್ಳೆಯ ತಾಳದಲ್ಲಿ.

ಅವರು ಅದನ್ನು ತಿರುಗಿಸಿದರು. ಒಂದಿಷ್ಟು ಎಡಕ್ಕೆ. ಒಂದಿಷ್ಟು ಬಲಕ್ಕೆ. ಅಂಗಿಯ ಲೋಹದ ಗುಂಡಿ ತಾಗಿ ಬಾನೆಟ್ಟಿನ ಮೇಲೆ ಕರ್ರೆಂದು ಗೀರು ಎದ್ದಿತು. ಆಮೇಲೆ ಒಂದು ಕಡೆ ನಿಂತಿತು. ಗರಗರ ಅಡಗಿತು.

ಹಾಡಿನ ಮುಕ್ಕಾಲು ಭಾಗ ಆಗಿಹೋಗಿತ್ತು. ನಾಲ್ವರ ದನಿಯೂ ಬಿಡಿಬಿಡಿಯಾಗಿ, ಕೆಂಪಮ್ಮನವರ ಗಡಸೂ ಕೇಳುವಷ್ಟು ಚೆನ್ನಾಗಿ ಬಂತು. ಆಮೇಲೆ ಮೂವರ ದನಿ ನಿಂತಿತು. ಕೊನೆಯ ಸೊಲ್ಲು ಒಬ್ಬರೇ ಎತ್ತಿಕೊಂಡರು. ಅದು ಮೇಲೆ ಹೋಗಿ, ಅಲ್ಲೇ ಒಂದಿಷ್ಟು ನಿಂತು, ಅವಸರವಿಲ್ಲದೆ ಇಳಿಯಿತು. ರಸ್ತೆಯಲ್ಲಿ ಒಂದು ಕಬ್ಬಿನ ಲಾರಿ ಹೋಗುತ್ತಿತ್ತು. ಅದರ ಸದ್ದು ಆಗ ಯಾರಿಗೂ ಕೇಳಲಿಲ್ಲವೆಂದರೆ ನೀವು ನಂಬುವುದಿಲ್ಲ. ನಾನು ಲಾರಿಯ ಸದ್ದು ಗುರುತಿಸಿ ಬೆಳೆದವನು, ನನಗೂ ಕೇಳಲಿಲ್ಲ.

ಅತ್ತೆ ಅಂಗೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು. ಹಾಡು ಮುಗಿದು ಬೇರೇನೋ ಶುರುವಾದ ಮೇಲೆ ಕೈ ತೆಗೆದು, "ಇದು ನಾನು," ಎಂದರು.

ಕೆಂಪಮ್ಮ ಕಣ್ಣೊರೆಸಿಕೊಳ್ಳುತ್ತಲೇ, "ಕೊನೇಲಿ ವಸಿ ಎಳೆದ್ಬುಟ್ರಿ ಚಿಕ್ಕತಾಯಮ್ಮ," ಎಂದರು.

"ಎಳೀಬೇಕು ಕಣೆ. ಅದಕ್ಕೇ ಅದನ್ನ ನಿನಗೆ ಕೊಡ್ಲಿಲ್ಲ."

ಮನೆ ತಲುಪಿದಾಗ ವಠಾರವೆಲ್ಲ ಬಾಗಿಲಲ್ಲಿತ್ತು. ಎಲ್ಲರಿಗೂ ಚೆನ್ನಾಗಿಯೇ ಕೇಳಿಸಿತ್ತು. ಕೆಟ್ಟದಾಗಿ ಕೇಳಿಸಿದ್ದು ಅಮೆರಿಕದ ಸೆಟ್ಟಿನಲ್ಲಿ ಮಾತ್ರ. ನನ್ನ ಸೆಲ್ಲುಗಳನ್ನು ಅತ್ತೆ ವಾಪಸ್ ಕೊಡಲಿಲ್ಲ. ನಾನೂ ಕೇಳಲಿಲ್ಲ.

ಆದರೆ ಸೋಲೊಪ್ಪುವ ಜಾತಿಯಲ್ಲ ನಮ್ಮದು. ಮರುದಿನವೇ ಸೆಟ್ಟನ್ನು ರೇಡಿಯೋ ರಿಪೇರಿಯ ಬಾಷಾ ಸಾಹೇಬರ ಮುಂದೆ ನಿಲ್ಲಿಸಿದೆ. ಅವರು ಗುಂಡಿ ಒತ್ತಿ, ಕಿವಿಗೊಟ್ಟು, ನಕ್ಕರು.

"ಸೆಟ್ಟಿಗೇನೂ ಆಗಿಲ್ಲ ಕಣ್ರೀ. ಇದು ಅಮೆರಿಕದ ಹೆಜ್ಜೆ ಹಾಕ್ತಾ ಇದೆ. ಅಲ್ಲಿ ಎ.ಎಂ. ಸ್ಟೇಷನ್ನು ಹತ್ತತ್ತು ಅಂಕೆಯ ಅಂತರಕ್ಕೆ ಮೆಟ್ಟಿಲು ಮಾಡಿ ಕೂರಿಸವ್ರೆ. ನಮ್ಮಲ್ಲಿ ಒಂಬತ್ತೊಂಬತ್ತು. ಬೆಟ್ಟದ ಮೆಟ್ಟಿಲನ್ನ ತನ್ನ ಲೆಕ್ಕದಲ್ಲಿ ಹತ್ತಿದ್ರೆ ಕಾಲು ಎಲ್ಲಿ ಬೀಳ್ತದೆ? ಮೆಟ್ಟಿಲ ಅಂಚಿಗೆ."

"ಮತ್ತೆ ಎಫ್.ಎಂ. ಬರ್ತಿತ್ತಲ್ಲ ಸಾಹೇಬ್ರೇ?"

"ಅದರಲ್ಲೂ ಅವ್ರ ಹೆಜ್ಜೆ ಬೇರೆ. ನೀವು ಕೇಳೋ ಸ್ಟೇಷನ್ನುಗಳು ಅದೃಷ್ಟಕ್ಕೆ ಅದೇ ಮೆಟ್ಟಿಲ ಮೇಲೆ ನಿಂತವೆ."

ಎರಡು ಗುಂಡಿ ಒಟ್ಟಿಗೆ ಒತ್ತಿ ಹಿಡಿದು ಸೆಟ್ಟನ್ನು ನಮ್ಮ ಹೆಜ್ಜೆಗೆ ತಂದರು. ಅಷ್ಟೇ. ಬೆಂಗಳೂರು ಬಾಯೊಳಗಿನ ಹುರಿಗಡಲೆ ನುಂಗಿ ಮಾತಾಡಿತು. ಟೀ ಬರುವವರೆಗೆ ಅವರು ಉಳಿದದ್ದನ್ನೂ ಹೇಳಿದರು. ಎಫ್.ಎಂ. ನೇರ ನೋಟದ್ದು. ಕಣ್ಣಿಗೆ ಕಾಣುವಷ್ಟು ದೂರ ಚೊಕ್ಕವಾಗಿ ಹೋಗುತ್ತದೆ. ಬೆಟ್ಟ ಅಡ್ಡ ಬಂದರೆ, ಊರು ದಾಟಿದರೆ ತೀರಿತು. ಎ.ಎಂ. ನೆಲ ಹಿಡಿದು ನಡೆಯುವಂಥದ್ದು. ಜಿಲ್ಲೆ ಜಿಲ್ಲೆ ದಾಟಿ ಬರುತ್ತದೆ, ಆದರೆ ಬರುವಾಗ ದಾರಿಯ ಧೂಳೆಲ್ಲ ಮೈಮೇಲೆ ಹೊತ್ತು ತರುತ್ತದೆ. ಸಿಡಿಲು, ಕರೆಂಟಿನ ತಂತಿ, ಎಂಜಿನ್ನಿನ ಕಿಡಿ, ಎಲ್ಲ. ತಗಡಿನ ಡಬ್ಬಿಯಂಥ ಕಾರಿನೊಳಗೆ ಸಣ್ಣ ಟ್ರಾನ್ಸಿಸ್ಟರಿಗೆ ಅದು ಸಿಗುವುದೂ ಇಲ್ಲ, ಅದಕ್ಕೇ ಕಾರಿನ ಏರಿಯಲ್ಲು ಹೊರಗೆ. ಟ್ರಾನ್ಸಿಸ್ಟರಿನೊಳಗೆ ಒಂದು ಕಪ್ಪು ಕಡ್ಡಿ ಇರುತ್ತದೆ, ಅದು ಸ್ಟೇಷನ್ನಿಗೆ ಅಡ್ಡಲಾಗಿ ನಿಂತಾಗಲೇ ದನಿ ತುಂಬುತ್ತದೆ. ಮುದುಕಿಯರ ಶಾಸ್ತ್ರ ಎಂದಿದ್ದೆನಲ್ಲ, ಅದು ಇದೇ.

ನಾನು ಖುಷಿಯಾಗಿ ನೇರ ವಠಾರಕ್ಕೆ ಹೋದೆ. "ಅತ್ತೆ, ತಪ್ಪು ನನ್ನದಲ್ಲ. ಅಮೆರಿಕದ್ದು!"

"ಅಂಗಾರೆ ಅಮೆರಿಕಕ್ಕೆ ಹೇಳಿ ಅಳಿಮಯ್ಯ, ಇನ್ಮೇಲೆ ಸೋಬಾನೆಗೆ ಅಡ್ಡ ಬರ್ಬೇಡ ಅಂತ," ಎಂದು ಟ್ರಾನ್ಸಿಸ್ಟರಿನ ಅಂಗಿ ಸರಿಮಾಡಿದರು.

ಇಷ್ಟೇ ಕಥೆ. ಸಾವಿತ್ರಿ ನಕ್ಕದ್ದು ಇದಕ್ಕೆ.

ಅತ್ತೆಯವರು ಈಗ ನಮ್ಮ ಜೊತೆಯಲ್ಲೇ ಇದ್ದಾರೆ. ಮೊನ್ನೆ ಮಧ್ಯಾಹ್ನ ಹೊಸ ಕಾರಿನಲ್ಲಿ ಅವರನ್ನು ನಂಜನಗೂಡಿನ ದಾರಿಯಲ್ಲಿ ಒಂದು ಸುತ್ತು ಕರೆದುಕೊಂಡು ಹೋದೆ. ಗಾಜಿನ ಪರದೆಯನ್ನು ಮೇಲಿಂದ ಕೆಳಗೆ ನೋಡಿದರು.

"ಟೀವಿ ಇಟ್ಟವ್ರೆ. ರೇಡಿಯೋ ಎಲ್ಲಿ?"

"ನಿಮ್ಮ ಬೆಂಗಳೂರು ಇದರಲ್ಲಿ ಬರಲ್ಲ ಅತ್ತೆ. ಬ್ಯಾಟರಿ ಗಾಡಿ, ಅದರ ಮೋಟರಿಗೂ ಅದಕ್ಕೂ ಆಗಿಬರಲ್ಲ."

"ಸದ್ದೇ ಇಲ್ವಲ್ಲ ಗಾಡಿದು?"

"ನಮ್ಮ ಕಿವಿಗಿಲ್ಲ. ಎ.ಎಂ. ಕಿವಿಗೆ ಸಂತೆ."

ಅವರು ಚೀಲದಿಂದ ಟ್ರಾನ್ಸಿಸ್ಟರ್ ತೆಗೆದರು. ಕಸೂತಿಯ ದಾರ ಬಿಟ್ಟಿದೆ, ಅಂಗಿ ಅದೇ. ಕಿವಿ ತಿರುಪಿದರು. ಸೊಳ್ಳೆ. ಸೆಲ್ಲು ಮುಗಿದಿತ್ತು, ಅವರ ಪದ್ಧತಿಯಂತೆ. ನಾನು ಕಾರು ಪಕ್ಕಕ್ಕೆ ತೆಗೆದು, ಆರಿಸಿ, ಖಾನೆ ತೆರೆದೆ. ಹಳೆಯ ಕಾರಿನಿಂದ ಹೊಸ ಕಾರಿಗೆ ಬಂದ ಸಾಮಾನು ಅದೊಂದೇ. ರಿಮೋಟಿನ ಸ್ಪ್ರಿಂಗಿನ ತುಕ್ಕು ಕೆರೆದು, ಎರಡು ಹೊಸ ಸೆಲ್ಲು ಕೂರಿಸಿ, ಮುಚ್ಚಳವಿಲ್ಲವಾದ್ದರಿಂದ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದೆ.

ಅತ್ತೆ ಅದನ್ನು ಗುರುತು ಹಿಡಿದರು. ಹಲ್ಲಿಲ್ಲದ ಬಾಯಲ್ಲಿ ಎಷ್ಟು ನಕ್ಕರೆಂದರೆ ನಾನೂ ನಗಬೇಕಾಯಿತು.

ಆ ಸೆಲ್ಲು ರೇಡಿಯೋಗೆ ಹಾಕಿಕೊಟ್ಟೆ, ಇಬ್ಬರೂ ಇಳಿದೆವು. ಅವರು ರೇಡಿಯೋ ಹಿಡಿದುಕೊಂಡು ಅತ್ತಿತ್ತ ನೋಡಿ, ಬಾನೆಟ್ಟನ್ನು ನೋಡಿ, ನನ್ನನ್ನು ನೋಡಿದರು. ಕನ್ನಡಿಯ ಹಾಗಿತ್ತು ಬಾನೆಟ್ಟು, ಬೆಳಿಗ್ಗೆಯಷ್ಟೇ ಉಜ್ಜಿದ್ದೆ. ಅವರ ಕೈಯಿಂದ ನಾನೇ ಈಸಿಕೊಂಡು ಅದರ ಮೇಲಿಟ್ಟೆ.

"ಟವೆಲ್ಲು?" ಎಂದರು ಅತ್ತೆ.

"ಬೇಡ ಬಿಡಿ. ತಿರುಗ್ಸೋವಾಗ ಸುತ್ಕೊಳ್ಳುತ್ತೆ."

ನಾನೇ ತಿರುಗಿಸಿದೆ. ಎಡಕ್ಕೆ ಹೆಚ್ಚಾಯಿತು. "ಈ ಕಡೆಗೆ... ಇನ್ನೊಂದು ಕೂದಲೆಳೆ... ಹ್ಞಾ, ಅಲ್ಲೇ ಬುಡಿ," ಎಂದರು. ಯಾವುದೋ ಊರಿನ ಹೆಂಗಸರು ಸೋಬಾನೆ ಹಾಡುತ್ತಿದ್ದರು. ಹೊಸ ಬಣ್ಣದ ಮೇಲೆ ಒಂದು ಸಣ್ಣ ಗೀರು ಬಿದ್ದಿತ್ತು. ಅದನ್ನು ಅವರೂ ನೋಡಿದರು.

"ಪಾಸಾದ್ರಿ ಬುಡಿ ಅಳಿಮಯ್ಯ," ಎಂದರು. ಆಮೇಲೆ ರೇಡಿಯೋ ಕಡೆಗೆ ಬಾಗಿ, "ಸುಮ್ಕಿರಿ ಈಗ. ಕೊನೇ ಸೊಲ್ಲು ಯಾರಿಗೆ ಕೊಟ್ಟವ್ರೋ ನೋಡಾಣ," ಎಂದರು.